ಹೊಂಗೆ ಮರವೂ ಒಂದು ಪ್ಯಾಕೆಟ್ ಹುಳುವೂ

ಒಬ್ಬಟ್ಟು ಮಾಡುವ ದಿನ ನಮ್ಮ ಮನೆಯಲ್ಲಿ ನನಗೆ ಅಡುಗೆಮನೆ ಪ್ರವೇಶವಿಲ್ಲ. ಕಾರಣ ನನ್ನದೊಂದು ಚಾಳಿ. ಬೆಲ್ಲದ ಪಾಕ ಎಲ್ಲಿ ಕಂಡರೂ ನನ್ನ ಬಲಗೈ ತೋರುಬೆರಳು ನನ್ನ ಅಪ್ಪಣೆ ಕೇಳದೆ ಅದರೊಳಗೆ ಇಳಿದುಬಿಡುತ್ತದೆ. ರುಚಿ ನೋಡುವುದಕ್ಕಲ್ಲ, ಬಿಸಿ ಇದೆಯೋ ಆರಿದೆಯೋ ನೋಡುವುದಕ್ಕೆ. ಒಲೆಯ ಮೇಲೆ ಕುದಿಯುತ್ತಿರುವುದು ಬಿಸಿಯಾಗಿಯೇ ಇರುತ್ತದೆ ಎಂಬ ತಿಳಿವಳಿಕೆ ಉಳಿದ ಒಂಬತ್ತು ಬೆರಳಿಗೂ ಇದೆ, ಇದೊಂದಕ್ಕೆ ಇಲ್ಲ. ಈ ಸಲದ ಯುಗಾದಿಯಲ್ಲಿ ಬೊಬ್ಬೆ ಎದ್ದ ಬೆರಳನ್ನು ತಣ್ಣೀರಿನ ಲೋಟದಲ್ಲಿ ಅದ್ದಿಕೊಂಡು ನಿಂತಿದ್ದಾಗ ನನ್ನ ಹೆಂಡತಿ, "ಅಲ್ಲಾ ರೀ, ನಿಮ್ಮನ್ನ ನಾಗಮಂಗಲಕ್ಕೆ ಕೃಷಿ ಅಧಿಕಾರಿ ಅಂತ ಹಾಕಿದಾರೋ, ಥರ್ಮಾಮೀಟರ್ ಅಂತ ಹಾಕಿದಾರೋ? ಯಾರು ನಿಮಗೆ ಈ ಚಾಳಿ ಕಲಿಸಿದ್ದು?" ಎಂದು ಕೇಳಿದಳು.

ಒಬ್ಬರ ಹೆಸರು ಹೇಳಿ ಮುಗಿಸುವಂತಿಲ್ಲ. ಒಂದು ಹೊಂಗೆ ಮರ, ಕಣ್ಣಿಗೆ ಕಾಣದ ಒಂದು ಜೀವಿ, ನಮ್ಮ ದೊಡ್ಡವ್ವ, ಈ ಮೂವರನ್ನೂ ಸಾಕ್ಷಿಗೆ ಕರೆಯಬೇಕಾಗುತ್ತದೆ.

ಮೊದಲು ಮರ. ತೊಣ್ಣೂರು ಕೆರೆಯ ಕೆಳಗಿನ ಬಯಲಲ್ಲಿ ನಮ್ಮ ಗದ್ದೆ, ಗದ್ದೆಯ ಬದುವಿನ ಮೇಲೆ ಆ ಹೊಂಗೆ. ಅದನ್ನು ನೆಟ್ಟವರು ಯಾರೂ ಇಲ್ಲ. ಯಾವಾಗಲೋ ನೀರಲ್ಲಿ ತೇಲಿ ಬಂದ ಕಾಯಿ ಬದುವಿಗೆ ಆತುಕೊಂಡು ಮೊಳೆತು, ಬೇಡ ಅನ್ನುವವರು ಇಲ್ಲದ್ದರಿಂದ ದೊಡ್ಡದಾಗಿತ್ತು. ಯುಗಾದಿಯ ಹೊತ್ತಿಗೆ ಎಣ್ಣೆ ಸವರಿದ ಹಾಗೆ ಹೊಸ ಎಲೆ. ಅದರ ಹಿಂದೆಯೇ ಹೂವು. ಹೊಂಗೆಯ ಹೂವನ್ನು ಯಾರೂ ಮುಡಿಯುವುದಿಲ್ಲ, ದೇವರಿಗೂ ಏರಿಸುವುದಿಲ್ಲ. ಆದರೂ ಅದು ಬೇಜಾರು ಮಾಡಿಕೊಳ್ಳದೆ ವರ್ಷವರ್ಷವೂ ಪುರಿ ಚೆಲ್ಲಿದ ಹಾಗೆ ನೆಲದ ತುಂಬ ಉದುರಿಸುತ್ತಿತ್ತು. ಜೇನುಹುಳು ಗುಂಯ್‌ಗುಟ್ಟುವ ಆ ನೆರಳಲ್ಲಿ ಟವೆಲ್ ಹಾಸಿಕೊಂಡು ನಾನು ಪಿಯುಸಿ ಪುಸ್ತಕ ಓದುತ್ತಿದ್ದೆ. ಓದುತ್ತಿದ್ದೆ ಎಂದರೆ, ಪುಸ್ತಕ ಮುಖದ ಮೇಲಿರುತ್ತಿತ್ತು. ಹೊಂಗೆ ನೆರಳು ತಾಯಿ ಮಡಿಲು ಅಂತಾರಲ್ಲ, ತಾಯಿ ಮಡಿಲಲ್ಲಿ ಮಲಗಿ ರಸಾಯನಶಾಸ್ತ್ರ ಓದಿದವರು ಯಾರಿದ್ದಾರೆ?

ಆ ಮರದ ಯಜಮಾನಿ ನಮ್ಮ ದೊಡ್ಡವ್ವ, ಅಂದರೆ ನಮ್ಮಪ್ಪನ ಅತ್ತಿಗೆ. ನನಗೆ ಬುದ್ಧಿ ಬರುವ ಮೊದಲೇ ದೊಡ್ಡಪ್ಪ ತೀರಿಕೊಂಡಿದ್ದರು. ಮನೆ ಭಾಗವಾಗಿರಲಿಲ್ಲ. ಪಾಂಡವಪುರದ ಕಡೆ ಓಡಾಟ, ಸೊಸೈಟಿ, ಸಕ್ಕರೆ ಫ್ಯಾಕ್ಟರಿ, ಮಾತುಕತೆ ಎಲ್ಲ ಅಪ್ಪನದು, ಗದ್ದೆಯೊಳಗಿನ ಯಜಮಾನಿಕೆ ದೊಡ್ಡವ್ವನದು. ಬೆಳಗ್ಗೆ ಹೊಂಗೆಕಡ್ಡಿಯಲ್ಲಿ ಹಲ್ಲುಜ್ಜಿದರೆ ಅವಳ ದಿನ ಶುರು. ನಾಟಿಗೆ ಮೊದಲು ಹೊಂಗೆಸೊಪ್ಪು ಕಡಿಸಿ ಕೆಸರಿಗೆ ತುಳಿಸುವುದು ಅವಳೇ. ಕಾಯಿ ಆರಿಸಿ ಗಾಣಕ್ಕೆ ಕಳಿಸಿ ಎಣ್ಣೆ ಮಾಡಿಸಿ ಸೀಸೆಯಲ್ಲಿ ಇಡುವುದೂ ಅವಳೇ. ಮೂರನೇ ಕ್ಲಾಸಿನಲ್ಲಿ ನನಗೆ ಕಜ್ಜಿ ಆದಾಗ ಆ ಎಣ್ಣೆ ನನ್ನ ಮೈಗೆ ಬಿತ್ತು. ಕಜ್ಜಿ ವಾರದಲ್ಲಿ ಹೋಯಿತು. ವಾಸನೆ ಹೋಗಲಿಲ್ಲ. ಮೂರು ಹುಡುಗರ ಬೆಂಚಿನಲ್ಲಿ ನಾನು ಒಂದು ತಿಂಗಳು ಒಬ್ಬನೇ ರಾಜನಂತೆ ಕುಳಿತಿದ್ದೆ.

ಅಪ್ಪನಿಗೂ ಆ ಮರಕ್ಕೂ ಮಾತ್ರ ಆಗಿಬರುತ್ತಿರಲಿಲ್ಲ. ನೆರಳು ಬಿದ್ದ ಕಡೆ ಭತ್ತದ ತೆನೆ ಜೊಳ್ಳು, ಬುಡದಲ್ಲಿ ಇಲಿ ಬಿಲ, ಟ್ರಾಕ್ಟರು ತಿರುಗಿಸಲು ಅಡ್ಡ. ಇಟ್ಟಿಗೆ ಗೂಡಿನ ಚಿಕ್ಕೇಗೌಡರು ಸೌದೆಗೆ ಕೊಡಿ ಎಂದು ಎರಡು ಸಲ ಕೇಳಿಯೂ ಇದ್ದರು. ಅಪ್ಪ ಆ ಮಾತು ಎತ್ತಿದಾಗೆಲ್ಲ ದೊಡ್ಡವ್ವನದು ಒಂದೇ ಪ್ರಶ್ನೆ: "ಮರ ಕಡುದ್ರೆ ಗದ್ದೆಗೆ ಸೊಪ್ಪು ನಿಮ್ಮಪ್ಪ ತಂದಾಕ್ತಾನಾ?" ನಿಮ್ಮಪ್ಪ ಎಂದರೆ ಅವಳ ಮಾವನವರೇ. ಅವರು ತೀರಿಕೊಂಡು ಎಷ್ಟೋ ಕಾಲವಾಗಿತ್ತು, ಆದ್ದರಿಂದ ಸೊಪ್ಪು ತರುವ ಸಂಭವ ಇರಲಿಲ್ಲ. ಅಪ್ಪ ಎದ್ದು ಪಾಂಡವಪುರದ ಕಡೆ ಹೊರಟುಬಿಡುತ್ತಿದ್ದರು.

ಆ ಪ್ರಶ್ನೆಗೆ ಉತ್ತರವನ್ನು ಕೃಷಿ ಕಾಲೇಜಿನ ಎರಡನೇ ವರ್ಷದಲ್ಲಿದ್ದ ನಾನು ಒಂದು ಬೇಸಿಗೆಯಲ್ಲಿ ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ ಹೊತ್ತು ತಂದೆ.

ಪ್ಯಾಕೆಟ್ಟಿನ ತುಂಬ ಇದ್ದಿಲಿನಂಥ ಕರೀ ಪುಡಿ. ಪುಡಿಯ ತುಂಬ ರೈಜೋಬಿಯಂ ಎಂಬ ಸೂಕ್ಷ್ಮಜೀವಿ. ಅಲಸಂದೆ, ಅವರೆ, ಕಡಲೆಕಾಯಿಯಂಥ ಗಿಡಗಳ ಬೇರಿನಲ್ಲಿ ಸಣ್ಣ ಗಂಟು ಕಟ್ಟಿಕೊಂಡು ಸಂಸಾರ ಹೂಡುತ್ತದೆ. ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಗೊಬ್ಬರ ಮಾಡಿಕೊಡುತ್ತದೆ, ಬಾಡಿಗೆಯ ಬದಲು. ಕೊಡುವಾಗ ನಮ್ಮ ಮೇಷ್ಟರು, "ಇದು ಜೀವ ಇರೋದು, ಬಿಸಿಲಿಗೆ ಒಡ್ಡಬೇಡ" ಎಂದಿದ್ದರು. ಹಾಗಾಗಿ ಪ್ಯಾಕೆಟ್ಟನ್ನು ಒದ್ದೆ ಕರ್ಚೀಫಿನಲ್ಲಿ ಸುತ್ತಿ ತೊಡೆಯ ಮೇಲೆ ಕೂರಿಸಿಕೊಂಡು, ಬಿಸಿಲು ಬಂದ ಕಡೆಯಿಂದ ಬರದ ಕಡೆಗೆ ಸೀಟು ಬದಲಾಯಿಸುತ್ತಾ ಬಸ್ಸಿನಲ್ಲಿ ಬಂದೆ. ಶ್ರೀರಂಗಪಟ್ಟಣದಲ್ಲಿ ಇಳಿದು ಪಾಂಡವಪುರದ ಬಸ್ಸು ಹತ್ತಿದಾಗ ಪಕ್ಕದಲ್ಲಿದ್ದ ಹೆಂಗಸು ಒದ್ದೆ ಗಂಟನ್ನು ನೋಡಿ, "ಮೀನೇನಪ್ಪಾ?" ಎಂದಳು. "ಅಲ್ಲಮ್ಮ, ಜೀವ ಇರೋ ಪುಡಿ" ಎಂದೆ. ಆಮೇಲೆ ಅವಳು ಮಗುವನ್ನು ಎತ್ತಿಕೊಂಡು ಹಿಂದಿನ ಸೀಟಿಗೆ ಹೋದಳು.

ರಾತ್ರಿ ಮುದ್ದೆ ಮುಂದೆ ಕೂತು ನಾನು ಭಾಷಣ ಬಿಗಿದೆ. ಒಂದು ಕಡೆ ಮರ, ಬೆಳೆಯಲು ವರ್ಷಗಟ್ಟಲೆ, ಸೊಪ್ಪು ಹೊರಲು ಆಳು. ಇನ್ನೊಂದು ಕಡೆ ಇದು, ಅಂಗೈ ಅಗಲದ ಪ್ಯಾಕೆಟ್ಟು, ಒಂದಿದ್ದದ್ದು ಎರಡಾಗಿ ಎರಡಿದ್ದದ್ದು ನಾಲ್ಕಾಗಿ ಬೆಳಗಾಗುವುದರೊಳಗೆ ಊರು ತುಂಬುವಷ್ಟು. ಇದನ್ನು ಹಾಕಿ ಬೆಳೆದ ಅಲಸಂದೆಯನ್ನೇ ನಾಟಿಗೆ ಮೊದಲು ಕೆಸರಿಗೆ ತುಳಿದರೆ ಹೊಂಗೆಸೊಪ್ಪು ಯಾಕೆ, ಮರ ಯಾಕೆ? ಅಪ್ಪನ ಮುಖ ಅರಳಿತು. ದೊಡ್ಡವ್ವ ಪ್ಯಾಕೆಟ್ಟನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದಳು.

"ಇದ್ರೊಳ್ಗೆ ಹುಳ ಅವೇನ್ಲಾ?"

"ಹುಳು ಅಂತಲೇ ಇಟ್ಕೋ ದೊಡ್ಡವ್ವ. ಕಣ್ಣಿಗೆ ಕಾಣಲ್ಲ."

"ನೆಳ್ಳು ಕೊಟ್ಟದಾ?"

"ಇಲ್ಲ."

"ಹಲ್ಲುಜ್ಜಕ್ಕೆ ಕಡ್ಡಿ? ದೀಪಕ್ಕೆ ಎಣ್ಣೆ? ಎಮ್ಮೆ ಕಟ್ಟಾಕಕ್ಕಾಯ್ತದಾ?"

ರೈಜೋಬಿಯಮ್ಮಿಗೆ ಎಮ್ಮೆ ಕಟ್ಟುವ ವಿಷಯ ಸಿಲಬಸ್ಸಿನಲ್ಲಿ ಇರಲಿಲ್ಲ. ಅಪ್ಪ ಮಧ್ಯೆ ಬಂದರು. "ಅಂಗಾರೆ ನೋಡೇಬುಡಾನ ಅತ್ಗೆಮ್ಮ. ಭರಣಿ ಮಳೆ ಆಗೈತೆ. ಬದಿನ್ ಗದ್ದೇಲಿ ಅರ್ಧಕ್ಕೆ ನೀವು ಸೊಪ್ಪಾಕಿ ಅಲಸಂದೆ ಬಿತ್ತಿ, ಇನ್ನರ್ಧಕ್ಕೆ ಇವ್ನು ಪುಡಿ ಆಕಿ ಬಿತ್ಲಿ. ಪುಡಿದು ಸೊಪ್ಪಿನ ಸಮಕ್ಕೆ ಬಂದ್ರೆ ಮರ ಗೂಡಿನೋರ್ಗೆ. ಬರ್ನಿಲ್ವಾ, ಆ ಮರದ್ ಸುದ್ದಿ ಇನ್ ನಾನ್ ಎತ್ತಾಕಿಲ್ಲ."

ದೊಡ್ಡವ್ವ ಪ್ಯಾಕೆಟ್ಟನ್ನು ನನ್ನ ಕೈಗೆ ವಾಪಸು ಕೊಟ್ಟು, "ಆಗ್ಲಿ" ಎಂದಳು.

ಈಗ ಪಾಕದ ವಿಷಯಕ್ಕೆ ಬರುತ್ತೇನೆ. ಪುಡಿಯನ್ನು ಬೀಜಕ್ಕೆ ಅಂಟಿಸಲು ಬೆಲ್ಲದ ನೀರು ಬೇಕು. ನೀರಿಗೆ ಒಂದು ಉಂಡೆ ಬೆಲ್ಲ ಹಾಕಿ ಕಾಯಿಸಿ, ಆರಿಸಿ, ಪುಡಿ ಕಲಸಿ, ಬೀಜಕ್ಕೆ ಸವರಿ, ನೆರಳಲ್ಲಿ ಒಣಗಿಸಿ ಬಿತ್ತಬೇಕು. ಮೇಷ್ಟರು ಹೀಗೇ ಹೇಳಿದ್ದರು, ನಾನು ಹೀಗೇ ಬರೆದುಕೊಂಡೂ ಇದ್ದೆ. ಆದರೆ ಬೆಳಗ್ಗೆ ಎದ್ದರೆ ಹಳ್ಳದ ಆಚೆ ಆಲೆಮನೆಯಿಂದ ಪಾಕದ ಘಮಲು ಬರುತ್ತಿದೆ. ಗಟ್ಟಿಯಾಗಿದ್ದ ಬೆಲ್ಲವನ್ನು ಮತ್ತೆ ನೀರು ಮಾಡುವುದು ಬೆಲ್ಲ ಕಾಣದ ಊರಿನವರ ವಿದ್ಯೆ, ನಮಗೇಕೆ ಅನ್ನಿಸಿತು. ಹೋಗಿ ಕೊಪ್ಪರಿಗೆಯಿಂದಲೇ ಒಂದು ಚೊಂಬು ಪಾಕ ಕೇಳಿ, ಬಟ್ಟೆಯಲ್ಲಿ ಹಿಡಿದುಕೊಂಡು ಓಡೋಡಿ ತಂದೆ. ಓಡಿದ್ದು ಯಾಕೆಂದರೆ, ಎಲ್ಲಿ ಆರಿಹೋಗುತ್ತದೋ ಎಂಬ ಭಯ! ಅಪ್ಪ, ಪಕ್ಕದ ಮನೆಯವರು, ಹಾದಿಯಲ್ಲಿ ಹೋಗುತ್ತಿದ್ದ ಇಬ್ಬರು, ಎಲ್ಲರೂ ಜಗಲಿಯಲ್ಲಿ ನಿಂತಿದ್ದರು. ಅಷ್ಟು ಜನರ ಮುಂದೆ ಪಾಕ ಆರುವುದನ್ನು ಕಾಯುತ್ತಾ ಕುಳಿತರೆ ವಿಜ್ಞಾನದ ಗೌರವ ಏನಾಗಬೇಕು? ಒದ್ದೆ ಕರ್ಚೀಫಿನಲ್ಲಿ ಅಷ್ಟು ದೂರ ಜೋಪಾನವಾಗಿ ತಂದ ಪುಡಿಯನ್ನು ಹೊಗೆಯಾಡುವ ಪಾಕಕ್ಕೆ ಸುರಿದು, ಕಾಲೇಜಿನಿಂದ ತಂದಿದ್ದ ಹೊಸ ತಳಿಯ ಬೀಜವನ್ನೂ ಸುರಿದು ಕೋಲಿನಿಂದ ತಿರುವಿದೆ.

ಅಡುಗೆಮನೆ ಹೊಸಿಲಲ್ಲಿ ನಿಂತಿದ್ದ ದೊಡ್ಡವ್ವ ಒಂದೇ ಮಾತು ಕೇಳಿದಳು. "ಬಿಸಿಯಾಗೈತೇನ್ಲಾ?"

"ಇಲ್ಲ ದೊಡ್ಡವ್ವ, ಆರೈತೆ. ಅದು ಮಾಡೋದೇ ಹಂಗೆ" ಎಂದೆ. ಚೊಂಬು ಹಿಡಿದ ಬೆರಳು ಬಟ್ಟೆಯೊಳಗೆ ಉರಿಯುತ್ತಿತ್ತು.

ನೆರಳಲ್ಲಿ ಹರಡಿದ ಬೀಜ ಗಂಟೆಯೊಳಗೆ ಕಡಲೆ ಮಿಠಾಯಿಯ ಹಾಗೆ ಒಂದೇ ಹಲಗೆ ಆಗಿಬಿಟ್ಟಿತು, ಆದರೆ ಕಪ್ಪು. ಜನ ಊಟಕ್ಕೆ ಎದ್ದ ಮೇಲೆ ಅದನ್ನು ಗುಂಡುಕಲ್ಲಿನಿಂದ ಕುಟ್ಟಿ, ಚೂರುಚೂರು ಮಾಡಿ, ಯಾರೂ ನೋಡದ ಹೊತ್ತಿನಲ್ಲಿ ನನ್ನ ಭಾಗದ ಗದ್ದೆಗೆ ಬಿತ್ತಿ ಬಂದೆ. ನಾನು ಒಂದು ಸಾಲು ಮುಗಿಸುವಷ್ಟರಲ್ಲಿ ಹಿಂದಿನ ಸಾಲಿಗೆ ಇರುವೆಗಳ ಮೆರವಣಿಗೆ ಬಂದಿತ್ತು. ಮಾರನೆಯ ದಿನವೇ ಪರೀಕ್ಷೆ ಇದೆ ಎಂದು ಹೇಳಿ ಹಾಸ್ಟೆಲಿಗೆ ಹೊರಟೆ. ಪರೀಕ್ಷೆ ಇನ್ನೂ ಹದಿನೈದು ದಿನ ಇತ್ತು.

ಕಾಲೇಜಿನಲ್ಲಿ ಮೇಷ್ಟರನ್ನು ಬೇರೆ ಯಾರದೋ ಕತೆ ಎಂಬಂತೆ ಕೇಳಿದೆ: "ಸಾರ್, ಯಾರೋ ಒಬ್ಬ ರೈತ ಬಿಸಿ ಪಾಕಕ್ಕೆ ಹಾಕಿಬಿಟ್ಟರೆ?" ಅವರು ಕನ್ನಡಕ ತೆಗೆದು, "ಕೈ ತಾಳದಷ್ಟು ಬಿಸಿಯಲ್ಲಿ ಅದು ಉಳಿಯುತ್ತೇನಯ್ಯ? ಬೀಜವೂ ಬೆಂದುಹೋಗುತ್ತೆ. ಆ ರೈತ ಅಲಸಂದೆ ಉಸಲಿ ಮಾಡಿದ್ದಾನೆ ಅಷ್ಟೆ" ಎಂದರು. ಕ್ಲಾಸೆಲ್ಲ ನಕ್ಕಿತು. ಆ ರೈತನ ಪರವಾಗಿ ನಾನೂ ನಕ್ಕೆ.

ಆರು ವಾರ ನನಗೆ ಅನ್ನ ಸೇರಲಿಲ್ಲ. ನಾನು ಸೋತರೆ ಮರ ಉಳಿಯುತ್ತದೆ ಎಂಬುದು ಸಮಾಧಾನ ಆಗಬೇಕಿತ್ತು. ನಿಜ ಹೇಳಬೇಕೆಂದರೆ ಮರದ ನೆನಪೇ ನನಗೆ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಅಪ್ಪನ ಮುಖ. ಪಾಂಡವಪುರದ ಹೋಟೆಲಿನಲ್ಲಿ, ಸೊಸೈಟಿಯಲ್ಲಿ, ಕೆ.ಆರ್. ಪೇಟೆಯ ಬೀಗರ ಮನೆಯಲ್ಲಿ, ಸಿಂಧಘಟ್ಟದ ಭಾವನ ಹತ್ತಿರ, ಎಲ್ಲ ಕಡೆ ಅವರು ಈ ಪುಡಿಯ ಸುದ್ದಿ ಹೇಳಿಕೊಂಡು ಬಂದಿದ್ದರು. ನಮ್ಮ ವಂಶದಲ್ಲಿ ಎಸ್ಸೆಸ್ಸೆಲ್ಸಿ ದಾಟಿದ ಮೊದಲಿಗ ನಾನು.

ರಜಕ್ಕೆ ಬಂದು ನೇರ ಗದ್ದೆಗೆ ಹೋದರೆ ಕಣ್ಣನ್ನೇ ನಂಬಲಾಗಲಿಲ್ಲ. ನನ್ನ ಭಾಗ ಹಸಿರೋ ಹಸಿರು! ದೊಡ್ಡವ್ವನ ಭಾಗಕ್ಕೆ ಕೂದಲೆಳೆಯಷ್ಟೂ ಕಡಿಮೆ ಇಲ್ಲ. ಒಂದು ಗಿಡ ಕಿತ್ತೆ. ಬೇರಿನ ತುಂಬ ಸಾಸಿವೆಗಿಂತ ದಪ್ಪನೆಯ ಗಂಟುಗಳು, ಉಗುರಲ್ಲಿ ಒಡೆದರೆ ಒಳಗೆ ಚೆಂಗುಲಾಬಿ. ಜೀವಂತ ರೈಜೋಬಿಯಂ ಕೆಲಸ ಮಾಡುತ್ತಿರುವ ಗುರುತು ಅದು. ಅರ್ಧ ಗಂಟೆ ನಾನು ಮಹಾ ವಿಜ್ಞಾನಿಯಾಗಿದ್ದೆ. ಪುಸ್ತಕದಲ್ಲಿರುವುದೆಲ್ಲ ಬೇರೆ ಊರಿನ ರೈಜೋಬಿಯಂ, ನಮ್ಮ ಆಲೆಮನೆಯ ಪಾಕದಲ್ಲಿ ಮಿಂದದ್ದಕ್ಕೆ ಏನೋ ವಿಶೇಷ ಶಕ್ತಿ ಬಂದಿರಬೇಕು ಎಂಬ ತನಕ ಹೋಗಿದ್ದೆ.

ಆಮೇಲೆ ಗಿಡ ನೋಡಿದೆ. ನಾನು ತಂದ ತಳಿ ನೆಟ್ಟಗೆ ನಿಲ್ಲುವ ಜಾತಿ. ಇಲ್ಲಿ ಇದ್ದದ್ದೆಲ್ಲ ನೆಲದ ಮೇಲೆ ಹಬ್ಬುವ ನಮ್ಮ ಮನೆಯ ಹಳೇ ಬಳ್ಳಿ ಅಲಸಂದೆ. ಅಲ್ಲೊಂದು ಇಲ್ಲೊಂದು ಮಾತ್ರ ನನ್ನ ಜಾತಿಯ ಗಿಡ, ನೆಂಟರ ಮನೆಗೆ ಬಂದವರ ಹಾಗೆ ಬಡವಾಗಿ ನಿಂತಿತ್ತು. ಯಾರೋ ನನ್ನ ಭಾಗಕ್ಕೆ ಮತ್ತೆ ಬಿತ್ತಿದ್ದರು. ಹೊಂಗೆ ಮರದ ಬುಡದಲ್ಲಿ ಎರಡು ಮೂರು ಮಂಕರಿ ಬುಟ್ಟಿಯಷ್ಟು ಮಣ್ಣು ತೋಡಿದ ಗುಂಡಿ ಇತ್ತು. ಅದರ ಪಕ್ಕದಲ್ಲೇ ಕಾಲು ಚಾಚಿಕೊಂಡು ದೊಡ್ಡವ್ವ ಎಲೆಯಡಿಕೆ ಹಾಕುತ್ತಿದ್ದಳು.

"ಏನ್ ದೊಡ್ಡವ್ವ ಇದು?"

"ಏನಿದು ಅಂದ್ರೆ? ನೀನ್ ಬಸ್ ಹತ್ತಿದ್ ನಾಕನೇ ದಿನ ಬಂದ್ ನೋಡ್ದೆ. ಅಲ್ಲೊಂದ್ ಇಲ್ಲೊಂದ್ ಬುಟ್ರೆ ಯಾವ್ ಬೀಜನೂ ಮಕ ಎತ್ತಿರ್ನಿಲ್ಲ. ಮಿಕ್ಕಿದ್ದೆಲ್ಲ ಇರುಬೆ ಪಾಲು. ಬಿಸಿಗಾಕಿದ್ದೆ ಕಣ್ಲಾ ನೀನು, ನಂಗೊತ್ತಾಗಾಕಿಲ್ವಾ? ಮನೆ ಬೀಜ ತಂದು ಬಿತ್ಬುಟ್ಟೆ."

"ಈ ಮಣ್ಣು?"

"ಅಲಸಂದೆ ಬಿತ್ತೋವಾಗ ಒಂಗೆ ಬುಡದ್ ಮಣ್ ಎರ್ಚದು. ನಮ್ಮವ್ವನೂ ಎರ್ಚೋಳು. ಯಾಕೆ ಅಂತ ನಾನೂ ಕೇಳ್ನಿಲ್ಲ, ಅವ್ಳೂ ಹೇಳ್ನಿಲ್ಲ. ನಿಂಗೆ ಆಕೋಕೆ ಸೊಪ್ಪಿರ್ನಿಲ್ವಲ್ಲ, ಅದ್ಕೆ ಒಂದ್ ಮಂಕ್ರಿ ಜಾಸ್ತಿನೇ ಎರ್ಚ್ದೆ."

ಗುಂಡಿಯೊಳಗೆ ಕೈ ಇಟ್ಟು ಹೊಂಗೆಯ ಸಣ್ಣ ಬೇರೊಂದನ್ನು ಎಳೆದೆ. ಬೇರಿನ ಮೇಲೆ ಗಂಟು. ಒಡೆದೆ. ಅದೇ ಚೆಂಗುಲಾಬಿ. ಎರಡು ವರ್ಷ ಕೃಷಿ ಓದಿದ ನನಗೆ ಹೊಂಗೆಯೂ ಅಲಸಂದೆಯ ಕುಲದ್ದೇ, ಕಾಯಿ ಬಿಡುವುದು, ಬೇರಲ್ಲಿ ಗಂಟು ಕಟ್ಟುವುದು ಎಂಬುದು ಪುಸ್ತಕದಲ್ಲಿ ಗೊತ್ತಿತ್ತು, ಈ ಮರದ ಬಗ್ಗೆ ಗೊತ್ತಿರಲಿಲ್ಲ. ಯಾವುದು ದೊಡ್ಡದು ಎಂದು ಮುದ್ದೆ ಮುಂದೆ ತಕ್ಕಡಿ ಹಿಡಿದಿದ್ದೆನಲ್ಲ, ಆ ಎರಡೂ ಇಷ್ಟು ದಿನ ಒಂದೇ ಮನೆಯಲ್ಲಿ ಉಂಡುಕೊಂಡು ಇದ್ದವು. ಹುಳುವಿಗೆ ಇರಲು ಬೇರು ಬೇಕು, ಮರಕ್ಕೆ ಉಣ್ಣಲು ಹುಳು ಬೇಕು. ದೊಡ್ಡವ್ವನಿಗೆ ಬಿಡಿಸಿ ಹೇಳಿದೆ. ಅವಳು ಒಡೆದ ಗಂಟನ್ನು ಅಂಗೈಯಲ್ಲಿಟ್ಟು ನೋಡಿದಳು.

"ಅಂಗಾರೆ ನೀನು ತೊಡೆ ಮ್ಯಾಲೆ ಕೂರ್ಸ್ಕಂಡು ಬಸ್ಸಲ್ಲಿ ತಂದಿದ್ದು ನಮ್ಮನೇದ್ನೇಯಾ?" ಎಂದಳು. ನಕ್ಕು ನಕ್ಕು ಎಲೆಯಡಿಕೆ ನೆತ್ತಿಗೇರಿತು.

ನನಗೆ ನಗು ಬರಲಿಲ್ಲ. "ಅಲ್ಲ ದೊಡ್ಡವ್ವ, ನನ್ನದೂ ನಿನ್ನ ಸಮಕ್ಕೆ ಬಂತು. ಮರ ಹೋಯ್ತದಲ್ಲ!"

"ಹೋದ್ರೆ ಹೋಯ್ತದೆ. ನಿಮ್ಮಪ್ಪ ಊರೂರ್ ಮ್ಯಾಲೆ ಹೇಳ್ಕಂಡ್ ತಿರುಗ್ತಾವ್ನೆ, ನನ್ ಮಗ ಇಂಗೆ, ನನ್ ಮಗ ಅಂಗೆ ಅಂತ. ಓದೋ ಹುಡ್ಗ ನೀನು, ನಾಕ್ ಜನದ್ ಮುಂದೆ ನಿನ್ ಮಕ ಸಣ್ಗಾದ್ರೆ ಆಮೇಲ್ ಪುಸ್ತಕ ಮುಟ್ಟಿಯಾ? ಮರ ಇನ್ನೊಂದು ಬೆಳ್ಕತದೆ ಕಣ್ಲಾ. ಬಾಯ್ ಮುಚ್ಕಂಡಿರು."

ಅವಳು ಹೇಳಿದ್ದು ಇಷ್ಟೇ, ಅದೂ ಸುಣ್ಣದ ಡಬ್ಬಿ ಹುಡುಕುತ್ತಾ. ಆರು ವಾರ ನಾನು ನನ್ನ ಮರ್ಯಾದೆ ಒಂದನ್ನೇ ಯೋಚಿಸುತ್ತಿದ್ದೆ. ಅದೇ ಆರು ವಾರ ಅವಳೂ ನನ್ನ ಮರ್ಯಾದೆಯನ್ನೇ ಯೋಚಿಸುತ್ತಿದ್ದಳು, ತನ್ನ ಮರವನ್ನು ಪಣಕ್ಕಿಟ್ಟು.

ಅಷ್ಟರಲ್ಲಿ ಬದುವಿನ ಮೇಲೆ ಅಪ್ಪ ಬಂದರು, ಹಿಂದೆ ಇಟ್ಟಿಗೆ ಗೂಡಿನ ಚಿಕ್ಕೇಗೌಡರು, ಕೈಯಲ್ಲಿ ಮರದ ಸುತ್ತಳತೆಗೆ ಹಗ್ಗ. "ನೋಡಿ ಚಿಕ್ಕೇಗೌಡ್ರೆ, ಎಲ್ಲಾ ನಮ್ ಹುಡ್ಗನ್ ಪುಡಿ!" ಎಂದು ಅಪ್ಪ ಗದ್ದೆಯ ಕಡೆ ಕೈ ಬೀಸಿದರು. ಅಷ್ಟು ಸಂತೋಷವಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಚಿಕ್ಕೇಗೌಡರು ಹಗ್ಗದ ಒಂದು ತುದಿಯನ್ನು ಕಾಂಡಕ್ಕೆ ಹಿಡಿದು ಇನ್ನೊಂದು ತುದಿಯೊಂದಿಗೆ ಸುತ್ತು ಬರತೊಡಗಿದರು. ದೊಡ್ಡವ್ವ ಎದ್ದು ಆಚೆ ಮುಖ ಮಾಡಿ ನಿಂತಳು.

"ಅಪ್ಪಾ, ಒಂದ್ ನಿಮಿಷ ಈ ಕಡೆ ಬಾ" ಎಂದೆ.

ತೂಬಿನ ಹತ್ತಿರ ನಿಲ್ಲಿಸಿಕೊಂಡು ಎಲ್ಲ ಹೇಳಿದೆ. ಆಲೆಮನೆಯ ಚೊಂಬು, ಸುಟ್ಟ ಬೆರಳು, ಇರುವೆ, ದೊಡ್ಡವ್ವನ ಬೀಜ, ಮಂಕರಿ ಮಣ್ಣು. ಅಪ್ಪ ಗದ್ದೆಯನ್ನು ನೋಡುತ್ತಾ ಕೇಳಿದರು. ಹೊಡೆಯುತ್ತಾರೆ ಅಂದುಕೊಂಡೆ. ಹೊಡೆದಿದ್ದರೇ ಚೆನ್ನಾಗಿತ್ತು.

"ಆಲೆಮನೆ ಊರಲ್ಲುಟ್ಟಿ ಪಾಕ ಸುಡ್ತದೆ ಅಂತ ಗೊತ್ತಾಗ್ನಿಲ್ವೇನ್ಲಾ ನಿಂಗೆ?" ಎಂದರು ಕೊನೆಗೆ. ಅಷ್ಟೇ. ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡು ಮರದ ಹತ್ತಿರ ಹೋದರು.

"ಹಗ್ಗ ಸುತ್ಕಳಿ ಚಿಕ್ಕೇಗೌಡ್ರೆ. ಈ ಮರ ಕೊಡಂಗಿಲ್ಲ."

"ಯಾಕ್ರಪ್ಪಾ? ಈಗ್ ತಾನೆ ಊಂ ಅಂದ್ರಿ?"

"ನಮ್ ಹುಡ್ಗ ಬೇರಲ್ಲಿ ಹುಳ ಸಾಕವ್ನೆ. ಕಾಲೇಜಿಂದು. ಮರ ಕಡುದ್ರೆ ಹುಳ ಹೋಯ್ತವೆ."

ಚಿಕ್ಕೇಗೌಡರು ಕೂಡಲೇ ಕಾಲು ಹಿಂದಕ್ಕೆ ತೆಗೆದು ನೆಲ ನೋಡಿದರು. "ಕಚ್ತವಾ?"

"ಗೂಡಿನೋರ್ ಕಂಡ್ರೆ ಕಚ್ತವೆ" ಎಂದಳು ದೊಡ್ಡವ್ವ. ಅವಳ ಮುಖ ಇನ್ನೂ ಆಚೆಗೇ ಇತ್ತು, ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಹೆಂಡತಿಗೆ ಇಷ್ಟೂ ಹೇಳಿ ಮುಗಿಸುವ ಹೊತ್ತಿಗೆ ಲೋಟದ ನೀರು ಬೆಚ್ಚಗಾಗಿತ್ತು. ಈಗ ನಾನು ನಾಗಮಂಗಲದ ಹಳ್ಳಿಗಳಲ್ಲಿ ರೈತರಿಗೆ ಇದೇ ಬೀಜೋಪಚಾರ ಕಲಿಸುವವನು. "ಬೆಲ್ಲದ ನೀರು ಆರಿಸಿ" ಎನ್ನುವಲ್ಲಿ ನನ್ನ ಭಾಷಣ ತುಂಬ ಹೊತ್ತು ನಿಲ್ಲುತ್ತದೆ. ಹೋದ ಭರಣಿ ಮಳೆಗೆ ಊರಿಗೆ ಹೋಗುವಾಗ ಒಂದು ಪ್ಯಾಕೆಟ್ಟು ಒಯ್ದಿದ್ದೆ. ದೊಡ್ಡವ್ವನೇ ಬೋಗುಣಿಯಲ್ಲಿ ಬೆಲ್ಲ ಕಾಯಿಸಿದಳು. ಕೆಳಗಿಳಿಸಿ, ಪ್ಯಾಕೆಟ್ಟಿನ ಬಾಯಿ ಹರಿದು ಕೈಯಲ್ಲಿ ಹಿಡಿದು, ನನ್ನ ಮುಖ ನೋಡಿದಳು.

"ಬಿಸಿಯಾಗೈತೇನ್ಲಾ?"

ಬೆರಳು ಅದ್ದಿದೆ. ಅದ್ದಿ, ಬುಡದ ತನಕ ಇಳಿಸಿ, ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದೆ.

"ಇಲ್ಲ ದೊಡ್ಡವ್ವ. ಆರೈತೆ."

"ಸರಿ ಬುಡು" ಎಂದು ಅವಳು ಪುಡಿ ಸುರಿದು ಕಲಸಿದಳು. ಬೀಜವನ್ನು ನೆರಳಿಗೆ ಹರಡಿದಳು. ಆಮೇಲೆ ಕೈ ತೊಳೆದುಕೊಂಡು, ಗೋಡೆಗೆ ಒರಗಿಸಿದ್ದ ಮಂಕರಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು, ಹೊಂಗೆ ಮರದ ಕಡೆಗೆ ಮಣ್ಣಿಗೆ ಹೊರಟಳು.